ನಕ್ಷೆಗೂ ಬೇಕು ಒಂದು ಸಹಕಾರ ಸಂಘ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಊರ ಮಂದಿಯೆಲ್ಲ ಊರೊಳಗೇ ಇರುತ್ತಾರೆ ಎಂದುಕೊಳ್ಳುವಂತಿಲ್ಲ. 19ನೇ ಶತಮಾನದ ಕೊನೆಗೆ ಧುಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಕಾಲುವೆ ತೆಗೆದರು. ಆಮೇಲೆ ಹಿಡಕಲ್ ಅಣೆಕಟ್ಟು ಬಂತು. ಅದರ ಬೆನ್ನಿಗೆ ಕಬ್ಬು, ಸಕ್ಕರೆ ಕಾರ್ಖಾನೆಗಳು ಬಂದವು. ನೀರು ಕಂಡ ಹೊಲದಲ್ಲಿ ಹಗಲು ರಾತ್ರಿ ಕೆಲಸ. ಎಷ್ಟೋ ಮನೆತನಗಳು ಓಣಿ ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡವು. ಇದಕ್ಕೆ ಈ ಭಾಗದವರು ತೋಟಪಟ್ಟಿ ಎನ್ನುತ್ತಾರೆ. ಮನೆತನದ ಅಡ್ಡಹೆಸರೇ ತೋಟದ ಹೆಸರು. ಒಂದಷ್ಟು ಮನೆ, ಒಂದು ಗುಡಿ, ಕರೆಂಟಿನ ಒಂದು ಟಿಸಿ, ಹಲವೆಡೆ ತೋಟದ ಹೆಸರಿನದೇ ಒಂದು ಸರಕಾರಿ ಕಿರಿಯ ಪ್ರಾಥಮಿಕ ಶಾಲೆ.

ಮೊಬೈಲಿನ ನಕ್ಷೆಯಲ್ಲಿ ಇಂಥ ಬಹಳಷ್ಟು ತೋಟಗಳಿಗೆ ಹೆಸರಿಲ್ಲ. ಹೆರಿಗೆ ಬೇನೆ ಶುರುವಾಯಿತೆಂದು 108ಕ್ಕೆ ಫೋನು ಹಚ್ಚಿದವರು ಕೆನಾಲ್ ದಾಟಿ ಎಡಕ್ಕೆ ಹೊರಳ್ರಿ, ಬೇವಿನ ಗಿಡದ ಹಂತೇಕ ನಮ್ಮ ಹುಡುಗ ನಿಂತಿರತಾನ ಎಂದು ದಾರಿ ಹೇಳಬೇಕು. ಉಪಗ್ರಹ ಚಿತ್ರ ನೋಡಿ ಛಾವಣಿಗಳ ಗೆರೆಯನ್ನು ಈಗ ಯಂತ್ರವೇ ಎಳೆಯುತ್ತದೆ. ಆ ಛಾವಣಿ ಮನೆಯದೋ ದನದ ಕೊಟ್ಟಿಗೆಯದೋ, ಗಾಡಿ ಹಾದಿಯಲ್ಲಿ ಮಳೆಗಾಲದಲ್ಲಿ ಆಂಬುಲೆನ್ಸ್ ಹೋಗುತ್ತದೋ ಇಲ್ಲವೋ, ತೋಟಕ್ಕೆ ಜನ ಏನೆಂದು ಕರೆಯುತ್ತಾರೆ ಎಂಬುದು ಮಾತ್ರ ಆಕಾಶದಿಂದ ಕಾಣುವುದಿಲ್ಲ. ಅದನ್ನು ಹೇಳಬಲ್ಲವರು ಅಲ್ಲಿಯವರೇ. ಅವರು ಹೇಳಿದ್ದನ್ನು ಒಂದೆಡೆ ಕೂಡಿಸಿ, ತಪ್ಪಿದ್ದರೆ ತಿದ್ದಿ, ಎಲ್ಲರಿಗೂ ಸಿಗುವಂತೆ ಕಾಯ್ದುಕೊಂಡು ಹೋಗುವ ವ್ಯವಸ್ಥೆಯನ್ನು ನಡೆಸುವುದು ಹೇಗೆ ಎಂಬುದು ಈ ವಾರದ ವಿಷಯ.

ಇಂಥ ವ್ಯವಸ್ಥೆಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಸ್ಟೀವ್ ಕೋಸ್ಟ್ ಎಂಬ ಯುವಕ ಇಂಗ್ಲೆಂಡಿನಲ್ಲಿ ಇದನ್ನು ಆರಂಭಿಸಿದ. ಅಲ್ಲಿಯ ಸರಕಾರಿ ನಕ್ಷೆ ಸಂಸ್ಥೆಯ ಮಾಹಿತಿಗೆ ಆಗ ಹಣ ಕೊಡಬೇಕಿತ್ತು, ಕೊಟ್ಟರೂ ಅದನ್ನು ಬೇರೆಯವರೊಂದಿಗೆ ಹಂಚಿಕೊಳ್ಳುವಂತಿರಲಿಲ್ಲ. ಜನರೇ ಜಿಪಿಎಸ್ ಹಿಡಿದು ರಸ್ತೆಯಲ್ಲಿ ಓಡಾಡಿ ನಕ್ಷೆ ಮಾಡಿಬಿಟ್ಟರೆ ಹೇಗೆ ಎಂಬುದು ಅವನ ಯೋಚನೆ. ಇಂದು ಅದರಲ್ಲಿ ಖಾತೆ ತೆರೆದವರೇ ಒಂದು ಕೋಟಿ ಮೀರಿದ್ದಾರೆ. ಒಳಗಿನ ರಚನೆ ಸರಳ: ಬಾವಿ, ಗುಡಿಯಂಥದಕ್ಕೆ ಒಂದು ಬಿಂದು, ರಸ್ತೆ, ಕಾಲುವೆ, ಕಟ್ಟಡಕ್ಕೆ ಬಿಂದುಗಳನ್ನು ಜೋಡಿಸಿದ ಗೆರೆ, ತಾಲೂಕಿನ ಗಡಿಯಂಥದಕ್ಕೆ ಅನೇಕ ಗೆರೆಗಳ ಕೂಟ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ ಹಾಗೆ ಗುಣಲಕ್ಷಣಗಳು. ಕನ್ನಡದ ಹೆಸರಿಗೆಂದು ಒಂದು ಖಾನೆ, ಮರಾಠಿಗೆಂದು ಇನ್ನೊಂದು, ಹಳೆಯ ಹೆಸರಿಗೆ ಮತ್ತೊಂದು. ಹುಕ್ಕೇರಿಯಂಥ ಗಡಿಭಾಗದಲ್ಲಿ ಇದು ಚಿಕ್ಕ ಅನುಕೂಲವಲ್ಲ.

ತಂತ್ರಾಂಶದ ಮಾತು ಇಷ್ಟಕ್ಕೇ ಸಾಕು. ಕಷ್ಟ ಇರುವುದು ಒಡೆತನ ಮತ್ತು ನಂಬಿಕೆಯಲ್ಲಿ.

ಗೂಗಲ್ 2008ರಲ್ಲಿ ಮ್ಯಾಪ್ ಮೇಕರ್ ಎಂಬ ಸವಲತ್ತನ್ನು ತೆರೆದಿತ್ತು. ಭಾರತದಲ್ಲಿ ಸಾವಿರಾರು ಉತ್ಸಾಹಿಗಳು ತಮ್ಮ ಊರಿನ ರಸ್ತೆ, ಶಾಲೆ, ಅಂಗಡಿಗಳನ್ನು ರಾತ್ರಿ ಕೂತು ಅದರಲ್ಲಿ ಗುರುತಿಸಿದರು. 2017ರ ಮಾರ್ಚ್ 31ಕ್ಕೆ ಕಂಪನಿ ಅದನ್ನು ಮುಚ್ಚಿತು. ಜನ ಹಾಕಿದ ಮಾಹಿತಿ ಕಂಪನಿಯ ನಕ್ಷೆಯಲ್ಲಿ ಉಳಿಯಿತು, ಆದರೆ ಅದನ್ನು ಎತ್ತಿಕೊಂಡು ಬೇರೆ ಕಡೆ ಒಯ್ದು ಬಳಸುವ ಹಕ್ಕು ಹಾಕಿದವರಿಗೆ ಇರಲಿಲ್ಲ. ಕಂಪನಿ ಮೋಸ ಮಾಡಿತು ಎಂದು ನಾನು ಹೇಳುತ್ತಿಲ್ಲ. ಷರತ್ತುಗಳು ಮೊದಲ ದಿನದಿಂದಲೂ ಹಾಗೇ ಇದ್ದವು. ಬೆವರು ಯಾರದು, ಬೆಳೆ ಯಾರದು ಎಂಬುದನ್ನು ದುಡಿಯುವ ಮುಂಚೆ ಕೇಳಿಕೊಳ್ಳಬೇಕಿತ್ತು.

ಓಪನ್‌ಸ್ಟ್ರೀಟ್‌ಮ್ಯಾಪ್‌ನವರು ಇದೇ ಪ್ರಶ್ನೆಗೆ ಬೇರೆ ರೀತಿಯಲ್ಲಿ ಬೆಲೆ ತೆತ್ತರು. ಆರಂಭದಲ್ಲಿ ಅವರು ಆರಿಸಿಕೊಂಡಿದ್ದ ಪರವಾನಗಿ ಪುಸ್ತಕ, ಚಿತ್ರಗಳಿಗೆ ಹೊಂದುವಂಥದ್ದು, ದತ್ತಾಂಶಕ್ಕೆ ಸರಿಹೋಗುತ್ತಿರಲಿಲ್ಲ. ವರ್ಷಗಟ್ಟಲೆ ಚರ್ಚೆ ನಡೆದು 2012ರಲ್ಲಿ ಹೊಸ ಪರವಾನಗಿಗೆ ಬದಲಾಯಿಸಿದರು. ಹಾಗೆ ಬದಲಾಯಿಸಲು, ಅದುವರೆಗೆ ಮಾಹಿತಿ ಸೇರಿಸಿದ ಪ್ರತಿಯೊಬ್ಬರ ಒಪ್ಪಿಗೆ ಬೇಕಿತ್ತು. ಒಪ್ಪದವರು, ಉತ್ತರವನ್ನೇ ಕೊಡದವರು ಹಾಕಿದ್ದನ್ನೆಲ್ಲ ನಕ್ಷೆಯಿಂದ ಅಳಿಸಬೇಕಾಯಿತು. ಕೆಲವು ದೇಶಗಳಲ್ಲಿ ರಸ್ತೆಗಳೇ ಮಾಯವಾಗಿ, ಸ್ವಯಂಸೇವಕರು ಅವನ್ನು ಮತ್ತೆ ಎಳೆದರು. ನಮ್ಮಲ್ಲಿ ಯಾರಾದರೂ ಇಂಥ ಕೆಲಸ ಶುರು ಮಾಡುವುದಿದ್ದರೆ ಮೊದಲ ಬೈಠಕ್ಕಿನಲ್ಲೇ ಈ ಒಪ್ಪಿಗೆಯನ್ನು ಬರೆದಿಡಬೇಕು: ನಾನು ಸೇರಿಸಿದ ಮಾಹಿತಿಯನ್ನು ಯಾರು ಬೇಕಾದರೂ ಬಳಸಬಹುದು, ಮೂಲ ಹೇಳಬೇಕು, ತಾವು ಅದನ್ನು ತಿದ್ದಿ ಬೆಳೆಸಿದರೆ ಆ ತಿದ್ದುಪಡಿಯನ್ನೂ ಇದೇ ಷರತ್ತಿನ ಮೇಲೆ ಬಿಟ್ಟುಕೊಡಬೇಕು. ಹೊಸ ಪರವಾನಗಿಯ ಸಾರವೂ ಇದೇ.

ಇನ್ನು ಯಜಮಾನಿಕೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಹಿಂದಿರುವುದು 2006ರಲ್ಲಿ ಬ್ರಿಟನ್ನಿನಲ್ಲಿ ನೋಂದಾಯಿಸಿದ ಒಂದು ಲಾಭರಹಿತ ಪ್ರತಿಷ್ಠಾನ. ಸದಸ್ಯರು ವಂತಿಗೆ ಕೊಡುತ್ತಾರೆ, ಆಡಳಿತ ಮಂಡಳಿಯನ್ನು ಮತ ಹಾಕಿ ಆರಿಸುತ್ತಾರೆ. ನಕ್ಷೆಗೆ ನಿಯಮಿತವಾಗಿ ದುಡಿಯುವವರಿಗೆ ವಂತಿಗೆಯಿಂದ ವಿನಾಯಿತಿಯೂ ಇದೆ. ಪ್ರತಿಷ್ಠಾನ ಸರ್ವರುಗಳನ್ನು ನಡೆಸುತ್ತದೆ, ಹೆಸರನ್ನು ಕಾಯುತ್ತದೆ. ಯಾವ ರಸ್ತೆ ಎಲ್ಲಿದೆ ಎಂದು ಅಪ್ಪಣೆ ಕೊಡುವುದಿಲ್ಲ. ಈ ಏರ್ಪಾಟು ಹುಕ್ಕೇರಿಯವರಿಗೆ ಹೊಸದೆನಿಸಬಾರದು. 1969ರಿಂದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆ ತಾಲೂಕಿಗೆ ಕರೆಂಟು ಹಂಚುತ್ತ ಬಂದಿದೆ. ದೇಶದಲ್ಲಿ ಮೊದಲು ಹುಟ್ಟಿದ ಕೆಲವೇ ಗ್ರಾಮೀಣ ವಿದ್ಯುತ್ ಸಂಘಗಳಲ್ಲಿ ಅದೂ ಒಂದು. ಕರೆಂಟು ಬಳಸುವವನೇ ಸದಸ್ಯ, ಅವನೇ ಮತದಾರ. ಕಂಬ, ತಂತಿ, ಟಿಸಿಯಂಥ ಭಾರವಾದ ಆಸ್ತಿಯನ್ನೇ ಸಂಘ ಕಟ್ಟಿಕೊಂಡು ಅರ್ಧ ಶತಮಾನಕ್ಕೂ ಮೀರಿ ನಡೆಸಿದ ಸೀಮೆಗೆ, ನಕ್ಷೆಯ ಮಾಹಿತಿಯನ್ನು ಸಂಘ ಕಟ್ಟಿ ನಡೆಸುವುದು ಆಗದ ಮಾತೇನಲ್ಲ. ಪಾಲು, ಪಾಲುದಾರ, ವಾರ್ಷಿಕ ಸಭೆ, ಲೆಕ್ಕ ತಪಾಸಣೆ ಎಂಬ ಶಬ್ದಗಳನ್ನು ಬೆಳಗಾವಿ ಜಿಲ್ಲೆಯ ರೈತನಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ನಗರದಿಂದ ಬರುವ ತಂತ್ರಜ್ಞರು ಈ ಅನುಭವವನ್ನು ಲೆಕ್ಕಕ್ಕೇ ಹಿಡಿಯದೆ ಆ್ಯಪ್ ಒಂದನ್ನು ತಂದು ಇಡುತ್ತಾರೆ ಎಂಬುದು ನನಗಿರುವ ದೊಡ್ಡ ತಕರಾರು.

ಮೂರು ತಾಲೂಕಿಗೆ ಒಂದೇ ನಕ್ಷೆ ಸಂಘ ಯಾಕೆ ಎಂದು ಯಾರಾದರೂ ಕೇಳಿದರೆ 2019ರ ಆಗಸ್ಟನ್ನು ನೆನಪಿಸಬೇಕು. ಸಹ್ಯಾದ್ರಿಯಲ್ಲಿ ಮಳೆ ಸುರಿಯಿತು, 51 ಟಿಎಂಸಿ ಅಡಿ ಸಾಮರ್ಥ್ಯದ ಹಿಡಕಲ್ ತುಂಬಿ ನೀರು ಬಿಡಬೇಕಾಯಿತು. ಸಂಕೇಶ್ವರದ ಕಡೆಯಿಂದ ಹಿರಣ್ಯಕೇಶಿ, ಬೆಳಗಾವಿಯ ಕಡೆಯಿಂದ ಮಾರ್ಕಂಡೇಯ ತಮ್ಮ ನೀರನ್ನು ಘಟಪ್ರಭೆಗೆ ತಂದು ಸುರಿದವು. ಗೋಕಾಕದ ಹಳೆಯ ಪೇಟೆ, ಹೊಳೆದಂಡೆಯ ಓಣಿಗಳಲ್ಲಿ ನೀರು ಹೊಕ್ಕಿತು. ಲೋಳಸೂರ ಸೇತುವೆ ಮುಳುಗಿತು. 2021ರ ಜುಲೈಯಲ್ಲಿ ಮತ್ತೆ ಮುಳುಗಿತು. ಹೊಳೆ ಹುಕ್ಕೇರಿಯಿಂದ ಗೋಕಾಕಕ್ಕೆ, ಅಲ್ಲಿಂದ ಮೂಡಲಗಿಯ ಹಳ್ಳಿಗಳಿಗೆ ಒಂದೇ ಓಟದಲ್ಲಿ ಇಳಿಯುತ್ತದೆ. ಮಾಹಿತಿ ಮಾತ್ರ ಹಾಗೆ ಇಳಿಯುವುದಿಲ್ಲ. ಅಣೆಕಟ್ಟಿನ ನೀರಿನ ಲೆಕ್ಕ ನೀರಾವರಿಯವರಲ್ಲಿ, ಸೇತುವೆಯ ಎತ್ತರ ಲೋಕೋಪಯೋಗಿಯವರಲ್ಲಿ, ಟಿಸಿಗಳ ಜಾಗ ಗೋಕಾಕದಲ್ಲಿ ಹೆಸ್ಕಾಂನವರಲ್ಲಿ, ಹುಕ್ಕೇರಿಯಲ್ಲಿ ವಿದ್ಯುತ್ ಸಂಘದವರಲ್ಲಿ. ಮನೆ ಬಿದ್ದವರ ಯಾದಿ ಆಯಾ ತಹಶೀಲ್ದಾರ ಕಚೇರಿಯಲ್ಲಿ. ಯಾವ ಬಾಂದಾರದ ಮೇಲೆ ನೀರು ಬಂದರೆ ಯಾವ ತೋಟದ ಹಾದಿ ಮೊದಲು ಕಟ್ಟಾಗುತ್ತದೆ ಎಂಬುದು ದಂಡೆಯ ಮೇಲಿನ ಜನರ ತಲೆಯಲ್ಲಿ.

ಈ ಕೊನೆಯದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಗೋಡೆಗಳ ಮೇಲೆ 2019ರ ನೀರಿನ ಗುರುತು ಇನ್ನೂ ಉಳಿದಿದ್ದರೆ, ಆ ಗುರುತು ನೆಲದಿಂದ ಎಷ್ಟು ಅಡಿ, ನೀರು ಯಾವ ದಿನ ಎಷ್ಟು ಹೊತ್ತಿಗೆ ಅಲ್ಲಿ ಮುಟ್ಟಿತು ಎಂದು ಮನೆಯವರನ್ನು ಕೇಳಿ ಅಕ್ಷಾಂಶ ರೇಖಾಂಶದೊಂದಿಗೆ ಬರೆದುಕೊಂಡರೆ ಸಾಕು. ಅಂಥ ಕೆಲವು ನೂರು ಗುರುತುಗಳು ಕೂಡಿದರೆ, ಹಿಡಕಲ್ಲಿನಿಂದ ಇಷ್ಟು ನೀರು ಬಿಟ್ಟರೆ ಎಲ್ಲಿಯವರೆಗೆ ಬರುತ್ತದೆ ಎಂಬ ಅಂದಾಜನ್ನು ಎಂಜಿನಿಯರುಗಳು ಒರೆಗೆ ಹಚ್ಚಿ ನೋಡಬಹುದು. ಸುಣ್ಣ ಬಳಿದಂತೆಲ್ಲ, ಹೊಸ ಮನೆ ಕಟ್ಟಿದಂತೆಲ್ಲ ಈ ಗುರುತುಗಳು ಅಳಿಯುತ್ತಿವೆ.

ಆಪತ್ತು ಬಂದ ಮೇಲೆ ನಕ್ಷೆ ಮಾಡುವುದಕ್ಕೂ ಬರುವ ಮುಂಚೆ ಮಾಡುವುದಕ್ಕೂ ಇರುವ ಅಂತರವನ್ನು ಹೈಟಿ, ನೇಪಾಳಗಳ ಭೂಕಂಪಗಳು ತೋರಿಸಿವೆ. 2010ರ ಜನವರಿಯಲ್ಲಿ ಹೈಟಿಯ ರಾಜಧಾನಿ ಭೂಕಂಪದಲ್ಲಿ ಕುಸಿದಾಗ ಅಲ್ಲಿಯ ವಿವರವಾದ ನಕ್ಷೆ ಇರಲಿಲ್ಲ. ಜಗತ್ತಿನ ಮೂಲೆಮೂಲೆಯ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಕೆಲವೇ ವಾರಗಳಲ್ಲಿ ಎಳೆದರು. ದೊಡ್ಡ ಸೇವೆ ಅದು, ಆದರೆ ತಡವಾಗಿ ಬಂದದ್ದು. ನೇಪಾಳದ ಕಾಠ್ಮಂಡುವಿನಲ್ಲಿ ಹಾಗಾಗಲಿಲ್ಲ. ಕಾಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಅಲ್ಲಿಯದೇ ತಂಡ ಕಾಲೇಜು ಹುಡುಗರನ್ನು ಕೂಡಿಸಿಕೊಂಡು ಕಣಿವೆಯ ಶಾಲೆ, ಆಸ್ಪತ್ರೆ, ರಸ್ತೆಗಳನ್ನು ಮೊದಲೇ ಗುರುತಿಸಿ ಇಟ್ಟಿತ್ತು. 2015ರ ಏಪ್ರಿಲ್ 25ರಂದು ಭೂಮಿ ನಡುಗಿದಾಗ ಹೊರಗಿನ ಸಾವಿರಾರು ಸ್ವಯಂಸೇವಕರು ದುಡಿಯಲು ಒಂದು ತಳಹದಿ ಸಿದ್ಧವಿತ್ತು. ಅವರು ಎಳೆದದ್ದು ಸರಿಯೋ ತಪ್ಪೋ ಎಂದು ಹೇಳಬಲ್ಲ ಸ್ಥಳೀಯರೂ ಇದ್ದರು. 2018ರ ನೆರೆಯ ಬಳಿಕ ಕೇರಳ ಸರಕಾರವೂ ಇದೇ ದಾರಿ ಹಿಡಿದು, ತನ್ನ ಐಟಿ ಮಿಷನ್ ಮೂಲಕ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಕ್ಷೆ ತುಂಬುವ ಮ್ಯಾಪಥಾನ್ ನಡೆಸಿತು.

ಹಾಗಾದರೆ ದಿನನಿತ್ಯದ ನಡೆಸುವಿಕೆ ಹೇಗೆ? ಯಾರು ಬೇಕಾದರೂ ತಿದ್ದಬಹುದು ಎಂದರೆ ಯಾರೋ ಕೆಡಿಸುತ್ತಾರಲ್ಲ ಎಂಬ ಅಂಜಿಕೆ ಎಲ್ಲರಿಗೂ ಮೊದಲು ಬರುತ್ತದೆ. ಕೆಡಿಸುತ್ತಾರೆ, ನಿಜ. ಪೋಕೆಮಾನ್ ಗೋ ಎಂಬ ಮೊಬೈಲ್ ಆಟ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸತೊಡಗಿದಾಗ, ಆಟದಲ್ಲಿ ಲಾಭವಾಗಲೆಂದು ಆಟಗಾರರು ತಮ್ಮ ಮನೆಯ ಸುತ್ತ ಇಲ್ಲದ ಉದ್ಯಾನಗಳನ್ನು ಎಳೆದಿದ್ದರು. ಆದರೆ ಇಲ್ಲಿ ಪ್ರತಿ ತಿದ್ದುಪಡಿಗೂ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ದಾಖಲೆ ಉಳಿಯುತ್ತದೆ, ಮೊದಲಿನ ಸ್ಥಿತಿಗೆ ತರಬಹುದು. ಹೀಗಾಗಿ ಕಿಡಿಗೇಡಿತನಕ್ಕಿಂತ ನನಗೆ ಹೆಚ್ಚು ಚಿಂತೆಯ ವಿಷಯ ಯಾರೂ ನೋಡದೆ ಹಳತಾಗುವ ಮಾಹಿತಿ. ಮೂರು ವರ್ಷದ ಹಿಂದೆ ಮುಚ್ಚಿದ ಉಪಕೇಂದ್ರ ನಕ್ಷೆಯಲ್ಲಿ ತೆರೆದೇ ಇದ್ದರೆ ಖಾಲಿ ನಕ್ಷೆಗಿಂತ ಅದೇ ಹೆಚ್ಚು ಕೆಡುಕು. ಅದಕ್ಕೆ ಪ್ರತಿ ಪಂಚಾಯಿತಿಗೂ ಒಬ್ಬಿಬ್ಬರು ಕಾವಲುಗಾರರು ಬೇಕು: ತಮ್ಮ ಹದ್ದಿನಲ್ಲಿ ಆದ ಬದಲಾವಣೆಯನ್ನು ವಾರಕ್ಕೊಮ್ಮೆ ನೋಡಿ ಹೂಂ ಅನ್ನುವವರು, ಇಲ್ಲವೇ ತಿದ್ದುವವರು. ದೊಡ್ಡ ಪ್ರದೇಶವನ್ನು ಚೌಕಗಳಾಗಿ ಹೋಳು ಮಾಡಿ, ಒಂದೊಂದು ಚೌಕವನ್ನು ಒಬ್ಬರಿಗೆ ವಹಿಸಿ, ಅವರು ಎಳೆದದ್ದನ್ನು ಇನ್ನೊಬ್ಬರು ಪರಿಶೀಲಿಸುವ ಸಲಕರಣೆ ಈಗಾಗಲೇ ಇದೆ, ಪುಕ್ಕಟೆಯಾಗಿ ಸಿಗುತ್ತದೆ. ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ.

ಹೆಸರಿನ ಜಗಳ ಬಂದರೆ? ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅದಕ್ಕೂ ನಿಯಮ ಇದೆ: ನೆಲದ ಮೇಲೆ ಏನಿದೆಯೋ, ಅಲ್ಲಿ ಬದುಕುವವರು ಏನನ್ನುತ್ತಾರೋ ಅದೇ ಮುಖ್ಯ. ಉಳಿದ ಹೆಸರುಗಳಿಗೆ ಅವುಗಳದೇ ಖಾನೆ. ಜಗಳವಾಡುವ ಇಬ್ಬರಿಗೂ ಜಾಗ ಕೊಡಬಲ್ಲ ನಕ್ಷೆ ಕಾಗದದ ಕಾಲದಲ್ಲಿ ಸುಲಭವಿರಲಿಲ್ಲ.

ಮೂಡಲಗಿಯ ಕಥೆ ಬೇರೊಂದು ತೊಡಕನ್ನು ತೋರಿಸುತ್ತದೆ. 2011ರ ಜನಗಣತಿಯಲ್ಲಿ ಮೂಡಲಗಿ ಎಂಬ ತಾಲೂಕೇ ಇಲ್ಲ. ಅದು ಗೋಕಾಕದೊಳಗಿನ ಒಂದು ಊರು. ತಾಲೂಕಿಗಾಗಿ ಜನ ಹೋರಾಡಿ ಪಡೆದದ್ದು ಆಮೇಲೆ. ಹೀಗಾಗಿ ಶಾಲೆಯ ಯಾದಿ ಒಂದು ತಾಲೂಕಿನ ಹೆಸರಲ್ಲಿ, ಜನಸಂಖ್ಯೆ ಇನ್ನೊಂದರ ಹೆಸರಲ್ಲಿ ಸಿಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಂತೂ ಊರಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಊರುಗಳೇ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಪ್ರತಿ ಗ್ರಾಮಕ್ಕೂ, ಪಂಚಾಯಿತಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟಿದೆ. ಎರಡು ಯಾದಿಗಳನ್ನು ಜೋಡಿಸುವಾಗ ಹೆಸರನ್ನು ನೆಚ್ಚದೆ ಆ ಸಂಖ್ಯೆಯನ್ನೇ ಹಿಡಿಯಬೇಕು. ಕೇಳಲು ನೀರಸವಾದ ಮಾತು. ಆದರೂ ಇಂಥ ಸಂಖ್ಯೆಯಿಲ್ಲದೆ ಎಷ್ಟೋ ಒಳ್ಳೆಯ ದತ್ತಾಂಶ ಒಂದಕ್ಕೊಂದು ಮಾತಾಡದೆ ಉಳಿದುಬಿಡುತ್ತದೆ.

ಬೆಂಗಳೂರಿನಲ್ಲಿ 2011ರಲ್ಲಿ ಮೊಳೆತ ಡಾಟಾಮೀಟ್ ಎಂಬ ಬಳಗ ಈ ನೀರಸ ಕೆಲಸವನ್ನೇ ಹೊತ್ತುಕೊಂಡಿತು. ತೇಜೇಶ್ ಜಿ.ಎನ್., ನಿಶಾ ಥಾಂಪ್ಸನ್ ಮೊದಲಾದವರು ಸೇರಿ ಬೆಳೆಸಿದ ಈ ಬಳಗ ಲೋಕಸಭೆ, ವಿಧಾನಸಭೆ ಕ್ಷೇತ್ರಗಳ ಗಡಿ, ನಗರಗಳ ವಾರ್ಡುಗಳ ಗಡಿಗಳನ್ನು ಬಳಸಲು ಬರುವ ರೂಪಕ್ಕೆ ತಂದು ಮುಕ್ತ ಪರವಾನಗಿಯಲ್ಲಿ ಹಂಚಿತು. ಪತ್ರಕರ್ತರು, ಸಂಶೋಧಕರು ಅವನ್ನು ಬಳಸುತ್ತ ಬಂದಿದ್ದಾರೆ. ಸಂಬಳದ ಸಿಬ್ಬಂದಿಯ ದೊಡ್ಡ ಪಡೆ ಇಲ್ಲದೆಯೂ ಇಂಥ ಬಳಗ ಬಾಳಬಲ್ಲದು ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದು.

ಕಾನೂನಿನ ಅಂಜಿಕೆಯೂ ಈಗ ಬಹಳ ಇಲ್ಲ. 2021ರ ಫೆಬ್ರುವರಿ 15ರಂದು ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿ ನಕ್ಷೆ ಮಾಡುವುದಕ್ಕೆ ಮುಂಚಿತವಾಗಿ ಅನುಮತಿ ಬೇಕೆಂಬ ಕಟ್ಟನ್ನು ಬಿಚ್ಚಿತು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂಸ್ಥಳೀಯ ನೀತಿ ಬಂತು. ಒಂದು ಮೀಟರಿಗಿಂತ ಸೂಕ್ಷ್ಮವಾದ ಅಳತೆಯ ಮಾಹಿತಿಯ ವಿಷಯದಲ್ಲಿ ವಿದೇಶಿ ಸಂಸ್ಥೆಗಳಿಗೆ ನಿರ್ಬಂಧವಿದೆ. ಕೈಯಲ್ಲಿರುವ ಮೊಬೈಲು ಬಯಲಿನಲ್ಲಿ ನಿಂತಾಗಲೂ ಕೆಲವು ಮೀಟರ್ ಅತ್ತಿತ್ತ ತೋರಿಸುವುದರಿಂದ ಹಳ್ಳಿಯ ಸ್ವಯಂಸೇವಕನಿಗೆ ಆ ಮಿತಿ ತಟ್ಟುವುದಿಲ್ಲ.

ಮೊಬೈಲಿನ ಅಳತೆ ಹೀಗೆ ಅಂದಾಜಿನದು ಎಂಬ ಕಾರಣಕ್ಕೇ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಇಂಥ ನಕ್ಷೆಯನ್ನು ಬಾಂದುಕಲ್ಲಿನ ಜಗಳಕ್ಕೆ ಯಾರೂ ತರಬಾರದು. ಹೊಲದ ಹದ್ದು, ಹಿಸ್ಸಾ, ಫೋಡಿಯ ತೀರ್ಮಾನ ಭೂಮಾಪನದವರ ಅಳತೆಯಿಂದಲೇ ಆಗಬೇಕು. ಸರಕಾರದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ, ಅದು ಕೂಡ ಮಾಹಿತಿಗಷ್ಟೇ. ಸಂಘದ ನಕ್ಷೆಯಲ್ಲಿ ಹೊಲದ ಒಡೆಯನ ಹೆಸರೇ ಇರಬಾರದು. ಯಾರ ಮನೆಯಲ್ಲಿ ಮುದುಕಿಯೊಬ್ಬಳೇ ಇದ್ದಾಳೆ, ಯಾರ ಬೋರಿಗೆ ನೀರು ಬಿದ್ದಿದೆ, ಯಾವ ಜಾತಿಯ ಮನೆಗಳು ಎಲ್ಲಿವೆ ಎಂಬುದೂ ಬೇಡ. ವೈಯಕ್ತಿಕ ದತ್ತಾಂಶ ಕಾಪಾಡುವ ಕಾಯ್ದೆ 2023ರಲ್ಲಿ ಬಂದಿದೆ. ಕಾಯ್ದೆ ಇಲ್ಲದಿದ್ದರೂ ನೆರೆಹೊರೆಯವರ ನಡುವೆ ಈ ಮರ್ಯಾದೆ ಬೇಕೇಬೇಕು. ಯಾವುದನ್ನು ನಕ್ಷೆಗೆ ಹಾಕುವುದಿಲ್ಲ ಎಂಬ ಯಾದಿ, ಯಾವುದನ್ನು ಹಾಕುತ್ತೇವೆ ಎಂಬ ಯಾದಿಗಿಂತ ಮೊದಲು ಬರೆಯತಕ್ಕದ್ದು. ಗೂಗಲ್ ನಕ್ಷೆಯಿಂದ ನಕಲು ಮಾಡಿದ್ದು, ಅನುಮತಿ ಇಲ್ಲದ ಸರಕಾರಿ ಕಡತದಿಂದ ಎತ್ತಿದ್ದು ಆ ಮೊದಲ ಯಾದಿಯಲ್ಲೇ ಇರಲಿ.

ಕೆಲಸ ಎಲ್ಲಿಂದ ಹಿಡಿಯಬೇಕು ಎಂದು ನನ್ನನ್ನು ಕೇಳಿದರೆ, ಹೊಸ ಜಾಲತಾಣ ಬೇಡ, ಹೊಸ ಆ್ಯಪ್ ಬೇಡ. ಅನುದಾನ ಮುಗಿದ ಮರುವರ್ಷ ಸರ್ವರಿನ ಬಾಡಿಗೆ ಕಟ್ಟುವವರಿಲ್ಲದೆ ಅವು ಕಣ್ಣು ಮುಚ್ಚುತ್ತವೆ, ಮಾಹಿತಿಯೂ ಅವುಗಳೊಂದಿಗೆ ಹೋಗುತ್ತದೆ. ರಸ್ತೆ, ಶಾಲೆ, ತೋಟದ ಹೆಸರುಗಳು ಓಪನ್‌ಸ್ಟ್ರೀಟ್‌ಮ್ಯಾಪ್‌ಗೇ ಹೋಗಲಿ; ನೆರೆ ಗುರುತಿನಂಥ ವಿಶೇಷ ಮಾಹಿತಿ ಪ್ರತ್ಯೇಕ ಕಡತವಾಗಿ, ಅದೇ ಮುಕ್ತ ಷರತ್ತಿನಲ್ಲಿ, ಎರಡು ಮೂರು ಕಡೆ ಪ್ರತಿ ಇಟ್ಟು ಉಳಿಯಲಿ. ಅರಭಾವಿಯ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ, ಮೂರೂ ತಾಲೂಕಿನ ಪದವಿ ಕಾಲೇಜುಗಳ ಎನ್ನೆಸ್ಸೆಸ್ ಘಟಕಗಳಲ್ಲಿ ಹುಡುಗ ಹುಡುಗಿಯರಿದ್ದಾರೆ. ಇದೇ ತೋಟಪಟ್ಟಿಗಳಿಂದ ಬರುವ ಮಕ್ಕಳೂ ಅವರಲ್ಲಿದ್ದಾರೆ. ಆಶಾ ಕಾರ್ಯಕರ್ತೆಯರಿಗೆ, ಅಂಚೆಯವರಿಗೆ, ಲೈನ್‌ಮನ್‌ಗಳಿಗೆ ಗೊತ್ತಿಲ್ಲದ ಹಾದಿಯಿಲ್ಲ. ಅವರ ತಿಳಿವಳಿಕೆಯನ್ನು ಪುಕ್ಕಟೆ ಸುಲಿದುಕೊಳ್ಳದೆ, ಗೌರವಧನ ಕೊಟ್ಟು, ಸಂಘದ ಸದಸ್ಯತ್ವ ಕೊಟ್ಟು ಕೂಡಿಸಿಕೊಳ್ಳಬೇಕು.

ಸರಕಾರದಿಂದ ಆಗಬೇಕಾದ್ದು ಸಣ್ಣ ಕೆಲಸ. ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರ ನಡೆಸುವ ಕರ್ನಾಟಕ ಜಿಐಎಸ್‌ನಲ್ಲಿ ಹಳ್ಳಿ, ಕೆರೆ, ರಸ್ತೆಗಳ ಪದರುಗಳಿವೆ; ನೋಡಲು ಸಿಗುತ್ತವೆ. ನೋಡಲು ಸಿಗುವುದು ಬೇರೆ, ತೆಗೆದುಕೊಂಡು ಬಳಸುವ ಲಿಖಿತ ಹಕ್ಕು ಬೇರೆ. ಕೇಂದ್ರ ಸರಕಾರ 2017ರಲ್ಲೇ ಸರಕಾರಿ ಮಾಹಿತಿಗೆಂದು ಮುಕ್ತ ಪರವಾನಗಿಯೊಂದನ್ನು ರೂಪಿಸಿದೆ. ಬೆಳಗಾವಿ ಜಿಲ್ಲಾಡಳಿತ 2019 ಮತ್ತು 2021ರಲ್ಲಿ ಮುಳುಗಿದ ಊರುಗಳ, ಸೇತುವೆಗಳ, ತೆರೆದ ಕಾಳಜಿ ಕೇಂದ್ರಗಳ ಯಾದಿಯನ್ನು ಸಂತ್ರಸ್ತರ ಹೆಸರು ತೆಗೆದು, ಗ್ರಾಮದ ಸಂಕೇತ ಸಂಖ್ಯೆ ಸೇರಿಸಿ, ಇಂಥ ಪರವಾನಗಿಯಡಿ ಮುಂದಿನ ಮುಂಗಾರಿಗೆ ಮೊದಲು ಜನರಿಗೆ ಬಿಟ್ಟುಕೊಡಬೇಕು.